ಔಷಧಕ್ಕೆ ಮುಂಚೆ ಗಂಟಿನ ಪರೀಕ್ಷೆ

ಸ್ತನದಲ್ಲಿ ಅರ್ಬುದವುಂಟಾದ ಇಬ್ಬರು ಸ್ತ್ರೀಯರಿಗೆ ಒಂದೇ ಔಷಧವನ್ನು ಒಂದೇ ಕ್ರಮದಲ್ಲಿ ಕೊಟ್ಟಾಗ ಒಬ್ಬಾಕೆಯ ಗಂಟು ಕರಗಿಹೋಗುವುದುಂಟು, ಮತ್ತೊಬ್ಬಾಕೆಯದು ಇದ್ದಂತೆಯೇ ಉಳಿಯುವುದುಂಟು. ಕೂದಲುದುರುವುದು, ವಾಂತಿ, ನಿಶ್ಶಕ್ತಿ ಇವು ಮಾತ್ರ ಇಬ್ಬರನ್ನೂ ಬಿಡವು. ಕೀಮೋಥೆರಪಿಯೆಂಬ ಈ ಉಗ್ರ ಚಿಕಿತ್ಸೆಯು ಯಾರಿಗೆ ಫಲಿಸೀತೆಂಬುದನ್ನು ಮೊದಲೇ ಅರಿಯಲು ಗಂಟಿನೊಳಗಣ ಪ್ರೋಟೀನುಗಳನ್ನು ಅಳೆಯುವ ಪ್ರಯತ್ನವು ನಡೆದಿದೆ.

ಜೀನುಗಳನ್ನು ಓದಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಜೀನು ಹುಕುಮಿನಂತೆ, ಪ್ರೋಟೀನು ಅದನ್ನು ನಡೆಸುವ ನೌಕರನಂತೆ. ಹುಕುಮು ಕಛೇರಿಯಿಂದ ಹೊರಟ ಮಾತ್ರಕ್ಕೆ ಗ್ರಾಮದಲ್ಲಿ ಜಾರಿಗೆ ಬಂದಿತೆಂದು ಭಾವಿಸಕೂಡದೆಂಬುದನ್ನು ನಮ್ಮ ಅಧಿಕಾರಿವರ್ಗಕ್ಕೆ ನಾವು ತಿಳಿಸಬೇಕಾದುದಿಲ್ಲ.

ಹರ್-2 ಎಂಬ ಜೀನು ಗಂಟಿನಲ್ಲಿ ಮಿತಿಮೀರಿ ಹೆಚ್ಚಿದ್ದವರಿಗೆ ರೋಗವು ಬೇಗನೆ ಮರುಕಳಿಸುವುದೆಂದು ಅಮೆರಿಕದ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅದರ ಪ್ರೋಟೀನಿಗೇ ಅಂಟಿ ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಇಂಥವರಿಗೆ ಕೀಮೋಥೆರಪಿಯೊಡನೆ ಇದನ್ನೂ ಕೊಟ್ಟರೆ ಗಂಟು ನಿಶ್ಶೇಷವಾಗುವ ಸಂಭವವು ಹೆಚ್ಚು. ಹರ್-2 ಹೆಚ್ಚಿಲ್ಲದೆ, ಈಸ್ಟ್ರೋಜನ್ನಿಗೆ ಓಗೊಡುವ ಪ್ರೋಟೀನು ತುಂಬಿರುವ ಗಂಟಾದರೋ ಕೀಮೋಥೆರಪಿಯೊಂದರಿಂದಲೇ ಪೂರ್ಣವಾಗಿ ಅಳಿಯುವುದು ವಿರಳ. ಅಲ್ಲಿ ಹಾರ್ಮೋನನ್ನು ತಡೆಯುವ ಮಾತ್ರೆಗಳಿಂದಲೇ ಪ್ರಯೋಜನವು ಅಧಿಕ.

ಒಂದೆರಡಲ್ಲದೆ ನೂರಾರು ಪ್ರೋಟೀನುಗಳನ್ನು ಸಾಸಿವೆಯಷ್ಟು ತುಣುಕಿನಿಂದಲೇ ಅಳೆಯುವ ವಿಧಾನವೊಂದನ್ನು ಲಾನ್ಸ್ ಲಿಯೊಟ್ಟಾ, ಇಮ್ಯಾನ್ಯುಯೆಲ್ ಪೆಟ್ರಿಕಾಯಿನ್ ಮೊದಲಾದವರು 2001ರಲ್ಲಿ ಪ್ರಕಟಿಸಿದರು. ತುಣುಕನ್ನು ಅರೆದು ಕರಗಿಸಿ, ಆ ರಸವನ್ನು ಗಾಜಿನ ಹಲಗೆಗಳ ಮೇಲೆ ಚುಕ್ಕೆಗಳಾಗಿಟ್ಟು, ಹಲಗೆಗೊಂದರಂತೆ ಪ್ರತಿಕಾಯಗಳಿಂದ ಶೋಧಿಸುವರು. ಪ್ರೋಟೀನು ಎಷ್ಟಿದೆಯೆಂಬುದಲ್ಲದೆ, ಫಾಸ್ಫೇಟಿನ ಮುದ್ರೆ ಬಿದ್ದು ಕಾರ್ಯದಲ್ಲಿ ತೊಡಗಿದೆಯೇ ಎಂಬುದೂ ಇದರಿಂದ ತಿಳಿಯುವುದು. ಶಸ್ತ್ರಕ್ರಿಯೆಗೆ ಮುಂಚೆಯೇ ಔಷಧವನ್ನು ಕೊಟ್ಟು ಗಂಟಿನ ಗತಿಯನ್ನು ನೋಡುವ, 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಐ-ಸ್ಪೈ 2 ಎಂಬ ಪ್ರಯೋಗದಲ್ಲಿ ಈ ವಿಧಾನವನ್ನು ಬಳಸಿದ್ದಾರೆ.

ಇಲ್ಲೊಂದು ತೊಡಕುಂಟು. ದೇಹದಿಂದ ಬೇರ್ಪಟ್ಟ ತುಣುಕಿನಲ್ಲಿ ಆ ಮುದ್ರೆಗಳು ನಿಮಿಷಗಳೊಳಗೇ ಮಾರ್ಪಡತೊಡಗುತ್ತವೆ. ನೂರು ಪ್ರೋಟೀನುಗಳ ಮಾತು ಹಾಗಿರಲಿ, ಹರ್-2ರ ಸಾಮಾನ್ಯ ಪರೀಕ್ಷೆಗೂ ತುಣುಕನ್ನು ತಡಮಾಡದೆ ಫಾರ್ಮಲಿನ್ನಿಗೆ ಹಾಕಿ, 6ರಿಂದ 72 ಗಂಟೆಗಳವರೆಗೆ ಮಾತ್ರ ಇರಿಸತಕ್ಕದ್ದು. ಟ್ರಾಸ್ಟುಜುಮ್ಯಾಬಿಗೆ ಸಮಾನವಾದ ಔಷಧವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಪರೀಕ್ಷೆಯೇ ತಪ್ಪಿದರೆ, ಔಷಧವು ಸಲ್ಲಬೇಕಾದ ಸ್ತ್ರೀಗೆ ಸಲ್ಲದೆ ಹೋಗಬಹುದು. ಆದುದರಿಂದ ತುಣುಕನ್ನು ತೆಗೆದ ವೇಳೆಯನ್ನೂ ಫಾರ್ಮಲಿನ್ನಿಗೆ ಹಾಕಿದ ವೇಳೆಯನ್ನೂ ಸೀಸೆಯ ಚೀಟಿಯ ಮೇಲೆ ತಪ್ಪದೆ ಬರೆಯಬೇಕೆಂದು ನಮ್ಮ ಆಸ್ಪತ್ರೆಗಳ ಶಸ್ತ್ರವೈದ್ಯರನ್ನು ಕೇಳಿಕೊಳ್ಳುತ್ತೇವೆ.