ಅಕ್ಕನ ಚಟ್ನಿಪುಡಿ, ಹತ್ತು ಸಾವಿರ ಎತ್ತು

ರಾತ್ರಿ ಹನ್ನೊಂದು ಗಂಟೆ ಮೇಲೆ ಭರಮಸಾಗರದ ಹೆದ್ದಾರಿ ಬದಿಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಚಿತ್ರದುರ್ಗದ ಕಡೆಯಿಂದ ಒಂದು ಬೆಳಕಿನ ಸಾಲು, ದಾವಣಗೆರೆ ಕಡೆಯಿಂದ ಇನ್ನೊಂದು. ಲಾರಿ, ಕಂಟೇನರ್, ಪಾರ್ಸಲ್ ಗಾಡಿ, ಮತ್ತೆ ಲಾರಿ. ಹಳಬರ ಬಾಯಲ್ಲಿ ಇದು ಇವತ್ತಿಗೂ ಪಿ.ಬಿ. ರೋಡು, ಪೂನಾ–ಬೆಂಗಳೂರು ರಸ್ತೆ. ಕಾಗದದಲ್ಲಿ ರಾಷ್ಟ್ರೀಯ ಹೆದ್ದಾರಿ 48. ದಿಲ್ಲಿಯಲ್ಲಿ ಹೊರಟು ಚೆನ್ನೈ ಮುಟ್ಟುತ್ತದೆ. ಎಷ್ಟೋ ವರ್ಷ ನನಗಿದು ಬರೀ ಸದ್ದಾಗಿತ್ತು. ಆ ಸದ್ದಿನೊಳಗೆ ಇದೇ ಊರಿನ ಶೇಂಗಾ ಚಟ್ನಿಪುಡಿಯೂ ಕೂತು ಹೋಗುತ್ತಿದೆ ಎಂದು ತಿಳಿದ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ!

ಪರಿಚಯದ ಅಕ್ಕ ಒಬ್ಬರಿದ್ದಾರೆ. ಶೇಂಗಾ ಪುಡಿ, ಹುಚ್ಚೆಳ್ಳು ಪುಡಿ, ಕಡಕ್ ರೊಟ್ಟಿ ಮಾಡುತ್ತಾರೆ. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ, ಆಮೇಲೆ ಮೊಬೈಲಿನಲ್ಲಿ ಕಂಡು ಕೇಳಿದವರಿಗೆಲ್ಲ. ಡಬ್ಬಗಳು ಅಡುಗೆಮನೆಯಿಂದ ನಡುಮನೆಗೆ ಬಂದವು, ನಡುಮನೆಯಿಂದ ಮಂಚದ ಕೆಳಗೆ ಇಳಿದವು, ಅಟ್ಟ ಹತ್ತಿದವು. ದೇವರಮನೆ ಒಂದು ಉಳಿದಿತ್ತು. "ಅಣ್ಣಾ, ರೊಟ್ಟಿ ತಟ್ಟೋದ್ರಿಂದ ನಾನು ಯಾವತ್ತೂ ಸುಸ್ತಾಗಿಲ್ಲ. ಡಬ್ಬಕ್ಕೆ ಟೇಪು ಸುತ್ತಿ ಸುತ್ತಿ ಸುಸ್ತಾಗಿಹೋದೆ" ಅಂದರು. ಬೆಳಗ್ಗೆ ಒಲೆ ಮುಂದೆ, ಮಧ್ಯಾಹ್ನ ಟೇಪಿನ ಮುಂದೆ, ಸಂಜೆ ಕೊರಿಯರ್ ಆಫೀಸಿನ ಮುಂದೆ. ವ್ಯಾಪಾರ ಬೆಳೆದಷ್ಟೂ ಒಲೆ ಮುಂದಿನ ಹೊತ್ತು ಕಡಿಮೆಯಾಗುತ್ತಿತ್ತು.

ಕಡೆಗೆ ಅವರು ಕಟ್ಟುವುದನ್ನೂ ಕಳಿಸುವುದನ್ನೂ ನೆಲಮಂಗಲದ ಹತ್ತಿರದ ಒಂದು ಗೋಡೌನಿನವರಿಗೆ ಒಪ್ಪಿಸಿದರು. ವಾರಕ್ಕೊಮ್ಮೆ ಮಾಲು ಅಲ್ಲಿಗೆ ಹೋಗುತ್ತದೆ. ಆರ್ಡರ್ ಬಂದದ್ದು ನೇರ ಅವರ ಕಂಪ್ಯೂಟರಿಗೆ ತಲುಪುತ್ತದೆ. ಅವರೇ ತೆಗೆದು, ಕಟ್ಟಿ, ಚೀಟಿ ಅಂಟಿಸಿ ಕಳಿಸುತ್ತಾರೆ. ಇನ್ನೊಂದು ಕೇಳಿ. ದಾವಣಗೆರೆಯವರೊಬ್ಬರು ಆರ್ಡರ್ ಮಾಡಿದರೂ ಡಬ್ಬ ಬರುವುದು ನೆಲಮಂಗಲದಿಂದಲೇ! ಕೂಗಿದರೆ ಕೇಳುವಷ್ಟು ಹತ್ತಿರದ ಊರಿಗೆ ಇನ್ನೂರು ಕಿಲೋಮೀಟರ್ ಆಚೆ ಹೋಗಿ, ತಿರುಗಿ ಹೊರಟ ಊರನ್ನೇ ದಾಟಿಕೊಂಡು ಬರುತ್ತದೆ. ಹುಚ್ಚು ಅನ್ನಿಸಿತು. ಲೆಕ್ಕ ಹಾಕಿ ನೋಡಿದರೆ, ಒಂದು ಡಬ್ಬಕ್ಕಾಗಿ ಒಬ್ಬರು ಬಸ್ಸು ಹತ್ತಿ ಹೋಗಿಬರುವುದಕ್ಕಿಂತ ಅದೇ ಅಗ್ಗ. ಲಾರಿಯಲ್ಲಿ ಆ ಡಬ್ಬದ ಜೊತೆ ಸಾವಿರಾರು ಡಬ್ಬಗಳಿವೆ. ಡೀಸೆಲ್ಲಿನ ಖರ್ಚು ಎಲ್ಲರಿಗೂ ಹಂಚಿಹೋಗಿದೆ.

ಆ ಗೋಡೌನಿನೊಳಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಅಂಗಡಿಯಲ್ಲಿ ಸಾಮಾನು ಜೋಡಿಸಿದಂತೆ ಬೇಳೆ ಒಂದು ಕಡೆ, ಸೋಪು ಒಂದು ಕಡೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲವೇ ಇಲ್ಲ! ಅಕ್ಕನ ಹುಚ್ಚೆಳ್ಳು ಪುಡಿಯ ಮೇಲಿನ ಖಾನೆಯಲ್ಲಿ ಮಕ್ಕಳ ಬಣ್ಣದ ಪೆನ್ಸಿಲ್ಲು, ಕೆಳಗೆ ಯಾರದೋ ಬಾಚಣಿಗೆ. ಎಲ್ಲಿ ಖಾಲಿ ಇದೆಯೋ ಅಲ್ಲಿ ಇಡುವುದು, ಇಟ್ಟ ಜಾಗವನ್ನು ಯಂತ್ರಕ್ಕೆ ಹೇಳಿಬಿಡುವುದು. ಹಲವು ದೊಡ್ಡ ಕಂಪನಿಗಳ ಗೋಡೌನುಗಳೂ ನಡೆಯುವುದು ಹೀಗೇ. ಮನುಷ್ಯನಿಗೆ ನೆನಪಿರಬೇಕಾದರೆ ಒಂದೇ ಜಾತಿಯವು ಒಂದೆಡೆ ಇರಬೇಕು. ಯಂತ್ರಕ್ಕೆ ಆ ಹಂಗಿಲ್ಲ. ಪಕ್ಕಪಕ್ಕದಲ್ಲಿ ಒಂದೇ ಥರದ ಎರಡು ಡಬ್ಬ ಇಲ್ಲದಿದ್ದರೆ ಕೈತಪ್ಪಿ ತೆಗೆಯುವುದೂ ಕಡಿಮೆ. ಹುಡುಗಿಯೊಬ್ಬಳು ಕೈಯಲ್ಲಿ ಸ್ಕ್ಯಾನರ್ ಹಿಡಿದು ಬಂದಳು, ಖಾನೆಗೆ ಒಮ್ಮೆ ತೋರಿಸಿದಳು, ಡಬ್ಬಕ್ಕೆ ಒಮ್ಮೆ. ಕೀಂ, ಕೀಂ. ಅಷ್ಟೇ. ಅಕ್ಕನ ಮೊಬೈಲಿನಲ್ಲಿ ಸ್ಟಾಕು ಒಂದು ಕಡಿಮೆಯಾಯಿತು. ಅಕ್ಕ ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ.

ಡಬ್ಬದ ಮೇಲಿನ ಆ ಕಪ್ಪು ಗೆರೆಗಳ ಕಥೆ ಗೊತ್ತೇ? ಜೋಸೆಫ್ ವುಡ್‌ಲ್ಯಾಂಡ್ ಎಂಬ ಅಮೆರಿಕದ ಯುವಕ ಮಯಾಮಿಯ ಕಡಲತೀರದಲ್ಲಿ ಕೂತು, ಮೋರ್ಸ್ ಸಂಕೇತದ ಚುಕ್ಕಿ, ಗೀಟುಗಳನ್ನು ಮರಳಿನಲ್ಲಿ ಬೆರಳಿಂದ ಕೆಳಕ್ಕೆ ಎಳೆದ. ಚುಕ್ಕಿಯಿಂದ ರಂಗೋಲಿ ಎಳೆದ ಹಾಗೆ! ಕೆಲವು ಗೆರೆ ಸಣ್ಣ, ಕೆಲವು ದಪ್ಪ. ಅದೇ ಬಾರ್‌ಕೋಡ್. ಇವತ್ತಿನ ರೂಪದಲ್ಲಿ ಅಂಗಡಿಯಲ್ಲಿ ಅದು ಮೊದಲು ಕೆಲಸಕ್ಕೆ ಬಂದದ್ದು 1974ರ ಜೂನ್ 26ರಂದು, ಚ್ಯೂಯಿಂಗ್ ಗಮ್ಮಿನ ಒಂದು ಪೊಟ್ಟಣದ ಮೇಲೆ.

ಡಬ್ಬದ ಮೇಲಿನ ವಿಳಾಸದ ಕೊನೆಗೆ ಆರು ಅಂಕಿ ಇರುತ್ತವಲ್ಲ, ಪಿನ್, ಅದರ ಹಿಂದೆ ಇರುವವರು ಸಂಸ್ಕೃತದ ಕವಿ! ಅಂಚೆ ಇಲಾಖೆಯಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಓದಲಾಗದ ಕೈಬರಹ, ಇವೆಲ್ಲದರ ನಡುವೆ ಕಾಗದ ದಾರಿ ತಪ್ಪದಿರಲಿ ಎಂದು 1972ರ ಆಗಸ್ಟ್ 15ರಂದು ಪಿನ್ ಬಂತು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಸೀಮೆ. 577 ಎಂದ ಕೂಡಲೇ ದಾವಣಗೆರೆ, ಚಿಕ್ಕಮಗಳೂರು, ಶಿವಮೊಗ್ಗ, ಚಿತ್ರದುರ್ಗದ ಬಳಗ. ಉಳಿದ ಮೂರು ಅಂಕಿ ಅಂಚೆ ಕಚೇರಿಯ ಬಾಗಿಲಿಗೇ ತಂದು ನಿಲ್ಲಿಸುತ್ತವೆ. ಕಾಗದಕ್ಕೆಂದು ಹುಟ್ಟಿದ ಈ ಅಂಕಿಗಳನ್ನೇ ಇವತ್ತು ದೇಶದ ಕೊರಿಯರುಗಳೆಲ್ಲ ನಂಬಿವೆ.

ಇದೆಲ್ಲ ಹೊಸ ಕಾಲದ ಚಮತ್ಕಾರ ಅಂದುಕೊಂಡೇ ನಾನು ವಾಪಸು ಬಂದೆ. ಆಮೇಲೆ ಹಳೆಯದನ್ನು ಕೆದಕುತ್ತಾ ಹೋದಂತೆ ನೆಲವೇ ಬಾಯಿಬಿಟ್ಟು ಮಾತಾಡತೊಡಗಿತು.

ನಮ್ಮ ಬಯಲುಸೀಮೆಯ ಹಗೇವನ್ನೇ ನೋಡಿ. ನೆಲದೊಳಗೆ ತೋಡಿದ ಗುಂಡಿ, ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಹುಳ ಬದುಕುವುದಿಲ್ಲ. ತೆಗೆದ ಕೂಡಲೇ ಒಳಗಿಳಿದರೆ ಮನುಷ್ಯನೂ ಬದುಕುವುದಿಲ್ಲ; ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಗಾಳಿಯಾಡದ ಚೀಲವೆಂದು ಇವತ್ತು ಮಾರುವುದರ ವಿದ್ಯೆ ಇದೇ ಅಲ್ಲವೇ!

ಸಾಗಣೆಯ ಕಥೆ ಇನ್ನೂ ದೊಡ್ಡದು. ಭರಮಸಾಗರದ ಸುತ್ತಲ ಸೀಮೆಯಲ್ಲಿ, ಹೊಳಲ್ಕೆರೆ ಹೊಸದುರ್ಗದ ಕಡೆ ಎಷ್ಟೊಂದು ತಾಂಡಾಗಳಿವೆ! ಆ ತಾಂಡಾಗಳ ಲಂಬಾಣಿ, ಅಂದರೆ ಬಂಜಾರ ಹಿರಿಯರು ಒಂದು ಕಾಲಕ್ಕೆ ಇಡೀ ದೇಶದ ಸರಕು ಹೊತ್ತವರು. ರಾಜನಿಗೆ ಸೈನ್ಯವಿತ್ತು, ವರ್ತಕನಿಗೆ ದುಡ್ಡಿತ್ತು. ಸಾಗಿಸುವ ಎತ್ತು ಇದ್ದದ್ದು ಬಂಜಾರರ ಬಳಿ. ಹದಿನೇಳನೇ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೇ ಹತ್ತು ಹನ್ನೆರಡು ಸಾವಿರ ಎತ್ತುಗಳ ಒಂದೊಂದು ಹಿಂಡನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಕಣ್ಣು ಮುಚ್ಚಿ ನೆನೆಯಿರಿ, ಹತ್ತು ಸಾವಿರ ಎತ್ತು, ಬೆನ್ನ ಮೇಲೆ ಹೇರು, ಕೊರಳಲ್ಲಿ ಗಂಟೆ. ಒಂದು ಪಂಗಡ ಧಾನ್ಯ ಮಾತ್ರ, ಇನ್ನೊಂದು ಅಕ್ಕಿ ಮಾತ್ರ, ಮತ್ತೊಂದು ಬೇಳೆ, ಮಗದೊಂದು ಉಪ್ಪು ಎಂದು ಹೊರೆ ಹಂಚಿಕೊಂಡಿದ್ದವು ಅಂತಲೂ ಅವನೇ ಹೇಳುತ್ತಾನೆ. ಕಡಲ ಕಡೆಯಿಂದ ಉಪ್ಪು ಹೇರಿ ತಂದು, ಹೋಗುವಾಗ ಬಯಲಿನ ಕಾಳು ಹೇರಿಕೊಂಡು ಹೋಗುವುದು. ಎತ್ತು ಖಾಲಿ ಬೆನ್ನಲ್ಲಿ ನಡೆಯಬಾರದು. ಇವತ್ತು ಹೆದ್ದಾರಿಯ ಡಾಬಾದಲ್ಲಿ ಕೂತ ಚಾಲಕ ಫೋನಿನಲ್ಲಿ "ರಿಟರ್ನ್ ಲೋಡ್ ಐತಾ?" ಎಂದು ಕೇಳುವುದು ಅದೇ ಮಾತು!

ಮೂರನೇ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಟಿಪ್ಪುವಿನ ಮೇಲೆ ಬಂದ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯದ ಹೊಟ್ಟೆ ತುಂಬಿಸಿದ್ದೂ ಬಂಜಾರರ ಎತ್ತುಗಳೇ. ಮುಂದೆ ರೈಲು ಬಂತು, ಸಡಕು ಬಂತು, ಎತ್ತಿನ ಹೇರು ನಿಂತಿತು. ಯಾರ ಬೆನ್ನ ಮೇಲೆ ಯುದ್ಧ ಗೆದ್ದಿತೋ ಅದೇ ಬ್ರಿಟಿಷ್ ಸರ್ಕಾರ ಹಲವೆಡೆ ಅವರನ್ನು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತು. ಬೆರಗಿನ ನಡುವೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದೇಶಕ್ಕೆ ಉಪ್ಪು ಮುಟ್ಟಿಸಿದವರಿಗೆ ಮಾಡಿದ ದ್ರೋಹ ಅದು.

ಎತ್ತಿನ ಜಾಗಕ್ಕೆ ಲಾರಿ ಬಂತು. 1976ರಲ್ಲಿ ಗದಗದಲ್ಲಿ ಒಂದೇ ಒಂದು ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರ ಅವರ ವಿಆರ್‌ಎಲ್ ಇಂದು ಸಾವಿರಾರು ಗಾಡಿಗಳ ಕಂಪನಿ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಶುರುವಾದ ಫ್ಲಿಪ್‌ಕಾರ್ಟ್ ಸಾಗಣೆಗೆಂದೇ ಇಕಾರ್ಟ್ ಕಟ್ಟಿತು. ಅದೀಗ ಬೇರೆಯವರ ಮಾಲನ್ನೂ ಸಾಗಿಸುತ್ತದೆ. ನಮ್ಮ ಕೆಎಸ್‌ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೋ' ತಂದು ಬಸ್ಸಿನ ಹೊಟ್ಟೆಯನ್ನೂ ವ್ಯಾಪಾರಿಗೆ ತೆರೆದಿಟ್ಟಿತು.

ಬೆರಗಿನಲ್ಲಿ ಮೈಮರೆತು ಲೆಕ್ಕ ಮರೆಯಬಾರದು. ಅಕ್ಕನಿಗೆ ಮೊದಲ ಪೆಟ್ಟು ಕೊಟ್ಟದ್ದು ಮಂಡಕ್ಕಿ. ದಾವಣಗೆರೆ ಸೀಮೆಯ ಮಂಡಕ್ಕಿಯನ್ನೂ ಮಾರೋಣ ಎಂದು ದೊಡ್ಡ ಪೆಟ್ಟಿಗೆ ತುಂಬಿ ಕಳಿಸಿದರು: ಉದ್ದ 60 ಸೆಂಟಿಮೀಟರ್, ಅಗಲ 40, ಎತ್ತರ 40. ತಕ್ಕಡಿಯಲ್ಲಿ ಎಂಟೊಂಬತ್ತು ಕಿಲೋ. ಬಿಲ್ಲು ಬಂದದ್ದು 19.2 ಕಿಲೋಗೆ! ಮೋಸವಲ್ಲ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು ಬಹಳಷ್ಟು ಕೊರಿಯರುಗಳ ಲೆಕ್ಕ. ಆ ಸಂಖ್ಯೆ, ತಕ್ಕಡಿಯ ತೂಕ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಲಾರಿಯಲ್ಲಿ ಮೊದಲು ತುಂಬಿಹೋಗುವುದು ಜಾಗ. ಚಟ್ನಿಪುಡಿ ಗೆದ್ದಿತು, ಮಂಡಕ್ಕಿ ಸೋತಿತು. ಕಡಕ್ ರೊಟ್ಟಿ ದಾರಿಯಲ್ಲಿ ಪುಡಿಯಾಗದಂತೆ ಗಟ್ಟಿ ಡಬ್ಬಕ್ಕೆ ಏರಿತು.

ಅಕ್ಕನ ಅನುಭವದಿಂದ ನಾನು ಕಲಿತ ಇನ್ನೊಂದೆರಡು ವಿಷಯ ಹೇಳಿಬಿಡುತ್ತೇನೆ. ಗೋಡೌನಿನವರು ಇಟ್ಟ ಜಾಗಕ್ಕೊಂದು, ಒಳಗೆ ಇಳಿಸಿಕೊಳ್ಳಲು ಒಂದು, ತೆಗೆದು ಕಟ್ಟಲು ಒಂದು ದರ ಹೇಳುತ್ತಾರೆ. ಗಿರಾಕಿ ಬೇಡವೆಂದು ವಾಪಸು ಕಳಿಸಿದ ಮಾಲಿನ ಖರ್ಚು ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಆ ಗೋಡೌನು ನಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳವೆಂದು ಸೇರಬೇಕು. ಬೇರೆ ರಾಜ್ಯದಲ್ಲಿ ಮಾಲು ಇಡುವುದಾದರೆ ಅಲ್ಲಿ ಬೇರೆ ನೋಂದಣಿಯೇ ಬೇಕು. ತಿನ್ನುವ ಪದಾರ್ಥವಾದರೆ ಗೋಡೌನಿನವರ ಬಳಿಯೂ ಆಹಾರ ಪರವಾನಗಿ ಇರಬೇಕು, ಮೊದಲು ಅವಧಿ ಮುಗಿಯುವುದು ಮೊದಲು ಹೊರಡಬೇಕು. ಮೆಕ್ಕೆಜೋಳ, ಶೇಂಗಾ ಬೆಳೆಯುವವರಿಗಂತೂ ಇನ್ನೊಂದು ಬಾಗಿಲೇ ಇದೆ: 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋಡೌನಿನಲ್ಲಿ ಮಾಲಿಟ್ಟರೆ ಸಿಗುವ ರಸೀದಿಯನ್ನೇ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಬೆಲೆ ಬಿದ್ದ ದಿನವೇ ಮಾರಬೇಕೆಂಬ ಕಟ್ಟು ಇಲ್ಲ.

ನನ್ನನ್ನು ಎಲ್ಲಕ್ಕಿಂತ ಅಲ್ಲಾಡಿಸಿದ್ದು ಕಾನೂನಿನ ಒಂದು ಸಾಲು. 1872ರ ಕರಾರು ಕಾಯ್ದೆಯ 151ನೇ ಕಲಮು. ಬೇರೆಯವರ ವಸ್ತು ಕೈಗೆ ಬಂದರೆ, ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ ಅದು. ಹಗೇವಿನ ಕಾವಲಿಗ, ಉಪ್ಪಿನ ಹೇರು ಹೊಡೆದ ನಾಯ್ಕ, ಸ್ಕ್ಯಾನರ್ ಹಿಡಿದ ಹುಡುಗಿ, ಮೂವರಿಗೂ ಅದೇ ಮಾತು.

ಮೊನ್ನೆ ಕೆರೆ ಏರಿಯ ಮೇಲೆ ನಿಂತಿದ್ದೆ. ದುರ್ಗದ ಭರಮಣ್ಣ ನಾಯಕನ ಹೆಸರು ಹೊತ್ತ ಕೆರೆ. ಹರಿಹರದ ಬಳಿ ತುಂಗಭದ್ರೆಯಿಂದ ಎತ್ತಿದ ನೀರು ಕೊಳವೆಯಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಸುತ್ತಲಿನ 40ಕ್ಕೂ ಹೆಚ್ಚು ಕೆರೆಗಳಿಗೆ ಹೋಗುವಂತೆ ಯೋಜನೆ ಮಾಡಿದ್ದಾರೆ. ಒಂದು ಕಡೆ ತಂದು ಕೂಡಿಡುವುದು, ಅಲ್ಲಿಂದ ಊರೂರಿಗೆ ಹಂಚುವುದು. ಮೈ ಝುಂ ಅಂದಿತು. ನೆಲಮಂಗಲದ ಗೋಡೌನು ಮಾಡುವ ಕೆಲಸವನ್ನೇ ಈ ಕೆರೆ ನೀರಿಗೆ ಮಾಡುತ್ತಿದೆ!

ಹೆದ್ದಾರಿ ಊರಿನ ಮಗ್ಗುಲಲ್ಲೇ ಇದೆ, ಸುತ್ತ ಬೆಳೆ ಇದೆ, ಮನೆಮನೆಯಲ್ಲಿ ಕೈಗುಣ ಇದೆ. ಅಂಥ ಒಂದು ಗೋಡೌನು ಭರಮಸಾಗರದಲ್ಲೇ ಏಳಲಿ. ಅಧಿಕಾರದಲ್ಲಿ ಇರುವವರೂ ದುಡ್ಡು ಹೂಡುವವರೂ ಒಮ್ಮೆ ಬಂದು ಈ ಜಾಗ ನೋಡಿ ಹೋಗಲಿ. ಅಲ್ಲಿಯವರೆಗೆ, ಅಕ್ಕನಂಥವರಿಗೆ ಆರ್ಡರ್ ಕೊಡುವವರು, ಪಾರ್ಸಲ್ ಕಳಿಸುವವರು ದಯವಿಟ್ಟು ಆರು ಅಂಕಿಯನ್ನು ಬಿಡಿಸಿ, ಸ್ಪಷ್ಟವಾಗಿ ಬರೆಯಿರಿ. ಭರಮಸಾಗರದ್ದು 577519.