ಘನೀಕೃತ ವೀರ್ಯಾಣುಗಳೂ ಉತ್ಕರ್ಷಣನಿರೋಧಕ ದ್ರವ್ಯಗಳೂ

ಉತ್ಕರ್ಷವೆಂಬ ಶಬ್ದಕ್ಕೆ ಹಿರಿಮೆ, ಅಭಿವೃದ್ಧಿ ಎಂಬ ಅರ್ಥಗಳು ಸಾಹಿತ್ಯದಲ್ಲಿ ಪ್ರಸಿದ್ಧವಾಗಿವೆ. ಕನ್ನಡದ ರಸಾಯನಶಾಸ್ತ್ರ ಪಾಠಗಳಲ್ಲಾದರೋ, ಪದಾರ್ಥವು ಆಮ್ಲಜನಕದೊಡನೆ ಕೂಡುವುದು ಅಥವಾ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದು ಉತ್ಕರ್ಷಣವೆನಿಸುವುದು. ಇದು ಮಿತಿಮೀರಿದಲ್ಲಿ ಜೀವಕೋಶಕ್ಕೆ ಹಿರಿಮೆಯಲ್ಲ, ಹಾನಿಯೇ. ಘನೀಕರಿಸಿಟ್ಟ ಪುರುಷವೀರ್ಯದ ವಿಷಯದಲ್ಲಿ ಇದು ಹೇಗೆಂಬುದನ್ನು ಸಂಕ್ಷೇಪವಾಗಿ ನಿರೂಪಿಸುವೆವು.

ಮೊದಲು ಪ್ರಯೋಜನ. ಅರ್ಬುದರೋಗಕ್ಕೆ ತೀಕ್ಷ್ಣೌಷಧವನ್ನೋ ಕಿರಣಚಿಕಿತ್ಸೆಯನ್ನೋ ಪಡೆಯತಕ್ಕ ತರುಣನು ಸಂತಾನಶಕ್ತಿಯನ್ನು ಕಳೆದುಕೊಳ್ಳುವ ಸಂಭವವುಂಟು. ಚಿಕಿತ್ಸೆಗೆ ಮುಂಚೆ ತೆಗೆದಿರಿಸಿದ ವೀರ್ಯವೇ ಅಂಥವನಿಗೆ ಮುಂದೆ ಆಧಾರವಾಗಬಹುದು. ಆದುದರಿಂದ ಅದರ ಗುಣರಕ್ಷಣೆಯು ಅಲ್ಪವಿಷಯವಲ್ಲ.

೧೯೪೯ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬವರು, ಗ್ಲಿಸರಾಲ್ ಬೆರೆಸಿದರೆ ಹುಂಜದ ವೀರ್ಯಾಣುಗಳು ಘನೀಭವಿಸಿ ಕರಗಿದ ಮೇಲೂ ಚಲಿಸುವುವೆಂದು ಪ್ರಕಟಿಸಿದರು. ೧೯೫೩ರಲ್ಲಿ ಅಮೆರಿಕದ ಬಂಗೆ ಮತ್ತು ಶರ್ಮನ್ ಎಂಬವರು ಘನೀಕೃತ ಮಾನವವೀರ್ಯದಿಂದ ಗರ್ಭಧಾರಣೆಯಾದುದನ್ನು ತಿಳಿಸಿದರು. ಈಗ ವೀರ್ಯವನ್ನು ದ್ರವನೈಟ್ರೋಜನಿನಲ್ಲಿ, ಶೂನ್ಯಕ್ಕಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗೆ, ಇರಿಸುವರು.

ಗ್ಲಿಸರಾಲು ಹಿಮಸ್ಫಟಿಕಗಳ ಬಾಧೆಯನ್ನು ತಗ್ಗಿಸುವುದೇ ಹೊರತು ಉತ್ಕರ್ಷಣವನ್ನು ಪೂರ್ತಿಯಾಗಿ ತಡೆಯದು. ಘನೀಕರಿಸಿ ಕರಗಿಸುವಾಗ ಕೋಶದ ಪೊರೆಗಳೂ ಮೈಟೋಕಾಂಡ್ರಿಯಗಳೂ ಕೆಡುವುದರಿಂದ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಉಗ್ರದ್ರವ್ಯಗಳು ಹೆಚ್ಚುವುವು. ವೀರ್ಯಾಣುವಿನ ಪೊರೆಯಲ್ಲಿ ಬಹು ಅಸಂತೃಪ್ತ ಮೇದಾಮ್ಲಗಳು ಹೇರಳ. ಇವು ಸುಲಭವಾಗಿ ಉತ್ಕರ್ಷಣಕ್ಕೆ ಒಳಗಾಗುವುವು. ಕೋಶರಸವಾದರೋ ಅತ್ಯಲ್ಪ, ಆದಕಾರಣ ಅದರಲ್ಲಿರಬೇಕಾದ ರಕ್ಷಕ ಕಿಣ್ವಗಳೂ ಅಲ್ಪ. ಹೀಗೆ ಚಲನಶಕ್ತಿಯು ಕುಂದುವುದಲ್ಲದೆ, ಆನುವಂಶಿಕ ದ್ರವ್ಯವಾದ ಡಿಎನ್‌ಎ ತಂತುವೂ ತುಂಡಾಗುವುದುಂಟು.

ಇದಕ್ಕೆ ಪ್ರತೀಕಾರವಾಗಿ ಘನೀಕರಣದ ಮಾಧ್ಯಮಕ್ಕೆ ಇ ಜೀವಸತ್ವ, ಗ್ಲುಟಾಥಯೋನ್, ಕ್ಯಾಟಲೇಸ್ ಮುಂತಾದುವನ್ನು ಸೇರಿಸಿ ಪರೀಕ್ಷಿಸಿರುವರು. ಕ್ಯಾಟಲೇಸು ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು. ಇ ಜೀವಸತ್ವವು ಪೊರೆಯಲ್ಲಿ ನೆಲೆಸಿ, ತನ್ನದೊಂದು ಹೈಡ್ರೋಜನ್ ಪರಮಾಣುವನ್ನು ಕೊಟ್ಟು, ಮೇದಸ್ಸಿನ ಉತ್ಕರ್ಷಣಪರಂಪರೆಯನ್ನು ಕಡಿಯುವುದು. ೧೯೨೨ರಲ್ಲಿ ಇಲಿಗಳ ಗರ್ಭರಕ್ಷಣೆಗೆ ಅವಶ್ಯವೆಂದು ಕಂಡುಬಂದ ಈ ದ್ರವ್ಯಕ್ಕೆ ತರುವಾಯ ಟೋಕೋಫೆರಾಲ್ ಎಂಬ ಹೆಸರಾಯಿತು. ಗ್ರೀಕಿನಲ್ಲಿ ಟೋಕೋಸ್ ಎಂದರೆ ಪ್ರಸವ. ಫೆರೇನ್ ಎಂದರೆ ಹೊರುವುದು. ಈ ಎರಡನೆಯದು ನಮ್ಮ ಸಂಸ್ಕೃತದ ಭೃ ಧಾತುವಿಗೆ ಸಗೋತ್ರವೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವೇ.

ಆದರೂ ಹೆಚ್ಚು ಸೇರಿಸಿದಷ್ಟೂ ಹೆಚ್ಚು ಲಾಭವೆಂದು ಭಾವಿಸಕೂಡದು. ಅಂಡವನ್ನು ಸೇರುವ ಸಾಮರ್ಥ್ಯವನ್ನು ಪಡೆಯುವುದಕ್ಕೆ ವೀರ್ಯಾಣುವಿಗೆ ಆ ಉಗ್ರದ್ರವ್ಯಗಳೇ ಸ್ವಲ್ಪಮಟ್ಟಿಗೆ ಬೇಕಾಗಿವೆ. ಅವುಗಳನ್ನು ನಿಶ್ಶೇಷವಾಗಿ ಅಳಿಸಿದರೆ ಕಾರ್ಯಭಂಗವಾಗುವುದು. ಮೇಲಾಗಿ, ಹಲವು ಪರೀಕ್ಷೆಗಳಲ್ಲಿ ಕರಗಿದ ವೀರ್ಯಾಣುಗಳ ಚಲನೆಯು ಉತ್ತಮಗೊಂಡುದು ನಿಜವಾದರೂ, ಶಿಶುಜನನವು ಅದರಿಂದ ಹೆಚ್ಚುವುದೆಂಬುದು ಇನ್ನೂ ಸಿದ್ಧಾಂತಪಡಬೇಕಾಗಿದೆ. ಗುಣವೂ ಔಚಿತ್ಯವನ್ನು ತಪ್ಪಿದರೆ ದೋಷವಾಗುವುದೆಂದು ಕಾವ್ಯದ ವಿಷಯದಲ್ಲಿ ಕ್ಷೇಮೇಂದ್ರಾದಿ ಆಲಂಕಾರಿಕರು ಮಾಡಿದ ನಿರ್ಣಯವು ಈ ದ್ರವ್ಯಗಳ ಪ್ರಮಾಣಕ್ಕೂ ಸಲ್ಲತಕ್ಕದ್ದಾಗಿದೆ.