ಬರೀ 25 ತಾನೇ?

ನೋಡಿ, ಪೋಕರ್‌ನಲ್ಲಿ ಮೇಜಿಗೆ ಬೀಳುವ ಐದನೇ, ಕೊನೆಯ ಎಲೆಗೆ ‘ರಿವರ್’ ಅಂತಾರೆ. ಮೊದಲು ಆಟೀನ್ ರಾಜ, ಆಟೀನ್ ಒಂಬತ್ತು, ಇಸ್ಪೀಟ್ ಎಂಟು ಬಿದ್ದವು ಅಂದ್ಕೊಳ್ಳಿ. ಐದು ಆಟೀನ್ ಕೂಡಬಹುದು, ಐದು ಎಲೆ ಸಾಲಾಗಬಹುದು. ಎದುರಾಳಿ ಅದಕ್ಕೇ ಕಾಯ್ತಿರಬಹುದು. ಆಮೇಲೆ ಬಂದದ್ದು ಕಳಾವರ್ ಮೂರು, ಡೈಮಂಡ್ ಎರಡು. ಎರಡೂ ಆಸೆ ಹುಸಿ. ನಿಮ್ಮ ಕೈಲಿ ಇನ್ನೊಂದು ರಾಜ. ಪಾಟ್‌ನಲ್ಲಿ 100 ಚಿಪ್.

ನೀವೂ 100 ಕಟ್ಟಿದರೆ? ಖಾಲಿ ಕೈಯವನು ಎಲೆ ಬಿಸಾಕ್ತಾನೆ, ಒಂಬತ್ತರ ಜೋಡಿಯವನೂ ಹೆದರಿ ಬಿಡ್ತಾನೆ. ಉಳಿಯೋದು ಹೆಚ್ಚಾಗಿ ನಿಮ್ಮನ್ನು ಸೋಲಿಸುವವನೇ. ಅದೇ 25 ಕಟ್ಟಿ. ಅವನೂ 25 ಹಾಕಿದರೆ ಪಾಟ್ 150. ಆರು ಸಲದಲ್ಲಿ ಒಮ್ಮೆ ಗೆದ್ದರೂ ಅವನಿಗೆ ನಷ್ಟವಿಲ್ಲ. ಹಾಗಾಗಿ ಸಣ್ಣ ಜೋಡಿಯವನು ‘ನೋಡೇ ಬಿಡೋಣ’ ಅಂತಾನೆ.

ಅಪಾಯವೂ ಇದೆ. ಸಣ್ಣ ಪಣ ಕಂಡು ಖಾಲಿ ಕೈಯವನೇ ದೊಡ್ಡದಾಗಿ ಏರಿಸಿದರೆ, ಗೆಲ್ಲುವ ಎಲೆ ಹಿಡಿದೇ ನೀವು ಹಿಂದೆ ಸರಿಯಬಹುದು.

ಎಂಜಿನಿಯರಿಂಗ್ ಓದಿದ ನನಗೆ ಈ ಲೆಕ್ಕ ಇಷ್ಟ. ಆದರೆ ಹಣ ಕಟ್ಟಿಸುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಸುಮ್ಮನೆ ಅಲ್ಲ. ‘ಬರೀ 25 ತಾನೇ’ ಅನ್ನಿಸಿದಾಗ ನೆನಪಿಡಿ: ಆ ಬೆಲೆ ಇಟ್ಟವನು ನೀವಲ್ಲ, ಎದುರಿಗೆ ಕೂತವನು.